ಜಯಪ್ರಕಾಶನ ಕಾರು ಸೋರುವುದು

ಹೊಳಲಿನ ಜಯಪ್ರಕಾಶನನ್ನು ಭಾನುವಾರ ಕಾಣಬೇಕಾದವರು ಅವನ ಕಾಲುಗಳನ್ನೇ ಮಾತಾಡಿಸಬೇಕು. ಮಿಕ್ಕ ದೇಹವೆಲ್ಲ ಅಂಗಳದಲ್ಲಿ ನಿಂತ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಅಡಿಯಲ್ಲಿರುತ್ತದೆ. ಆ ಕಾರು ಓಡಿದ್ದಕ್ಕಿಂತ ಸೋರಿದ್ದೇ ಹೆಚ್ಚೆಂದು ಅವನ ಹೆಂಡತಿ ಪುಷ್ಪಲತಳ ಗೋಳು. ಅವಳು ಅಕ್ಕಿ ಆರಿಸುವ ಅಗಲವಾದ ತಟ್ಟೆ ಆಯಿಲ್ ಹಿಡಿಯಲು ಹೋಯಿತು, ಹಬ್ಬಕ್ಕೆ ತಂದ ಪಂಚೆ ಮಸಿಬಟ್ಟೆಯಾಯಿತು, ಅಂಗಳದ ರಂಗೋಲಿ ಕಪ್ಪು ಕಲೆಯನ್ನು ಬಳಸಿಕೊಂಡು ಹೋಗಿ ಸೊಟ್ಟಗಾಯಿತು. ಒಂದು ಕಡೆ ಗ್ಯಾಸ್ಕೆಟ್ ಬದಲಿಸಿದರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. "ಇದೊಂದೇ ಬಾಕಿ ಕಣಮ್ಮಿ, ಸೋರೋದು ನಿಂತ್ರೆ ಸಾಕು, ಮಾರ್ಬುಡ್ತೀನಿ" ಎಂದು ಅವನು ಅಡಿಯಿಂದಲೇ ಹೇಳುತ್ತಾನೆ. "ನಿಮ್ ತಲೆನೇ ಸೋರ್ತಾ ಅದೆ, ಮೊದ್ಲು ಅದ್ಕಾಕಿ ಗ್ಯಾಸ್ಕೆಟ್ಟ" ಎಂದು ಅವಳು ಪೊರಕೆ ಕುಕ್ಕುತ್ತಾಳೆ. ಕೊಳ್ಳಲು ಒಪ್ಪಿದ ಮದ್ದೂರಿನ ಆಸಾಮಿಯಂತೂ ಸೋರುವುದು ನಿಂತಿತೇ ಎಂದು ಕೇಳಲು ಆಗಾಗ ಫೋನ್ ಮಾಡುತ್ತಲೇ ಇರುತ್ತಾನೆ. ಮೊನ್ನೆ ಬೆಳಿಗ್ಗೆ ರಂಗೋಲಿ ಬಿಡಲು ಬಂದ ಪುಷ್ಪಲತ ನೋಡಿದರೆ, ತಟ್ಟೆಯಲ್ಲಿ ಒಂದು ಹನಿಯೂ ಇಲ್ಲ. ಸದ್ಯ, ಪೀಡೆ ತೊಲಗಿತು ಎಂದು ಗಂಡನನ್ನು ಕರೆದು ತೋರಿಸಿದಳು. ಅವನು ಬಗ್ಗಿ ನೋಡಿದ, ನಗಲಿಲ್ಲ. ಅವಳು ಒಳಗೆ ಹೋಗಿ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಹೊರಗೆ ಬಂದಾಗ, ಅವನು ಸ್ಪ್ಯಾನರ್ ಹಿಡಿದು ಕಾರಿನಡಿಗೆ ತೂರಿ, ತಾನೇ ಬಿಗಿದಿದ್ದ ಬೋಲ್ಟನ್ನು ಮೆಲ್ಲಗೆ ಸಡಿಲಿಸುತ್ತಿದ್ದ. ಅಷ್ಟರಲ್ಲಿ ಮದ್ದೂರಿನ ಫೋನ್ ಬಂತು. ಪುಷ್ಪಲತ ಹಲ್ಲು ಕಚ್ಚಿಕೊಂಡು ತಾನೇ ಎತ್ತಿದಳು. ಥಳಥಳ ಹೊಳೆಯುತ್ತಿದ್ದ ತಟ್ಟೆಯನ್ನು ಕಾರಿನಡಿಗೆ ತಳ್ಳುತ್ತ ಅಂದಳು: "ಇನ್ನೂ ಸೋರ್ತಾನೇ ಅದೆ ಕಣಣ್ಣ."