ತೆರಕಣಾಂಬಿ ರಸ್ತೆಯ ಹುರುಳಿ

ಇದನ್ನು ಮೊದಲ ಸಲ ಬರೆದಾಗ ಕೆರೆಯಿಂದ ಶುರುಮಾಡಿದ್ದೆ. ಜನವರಿಯ ಬೆಳಗು, ನೀರಿನ ಮೇಲೆ ಮಂಜು, ಮಂಜಿನೊಳಗೆ ಇನ್ನೂರು ತಲೆಗಳು. ಓದಿದವರಿಗೆ ಆ ದಿನ ನಾನು ಏನೋ ಗೆದ್ದಿರಬೇಕು ಅನ್ನಿಸುವಂತಿತ್ತು. ಹರಿದುಹಾಕಿದೆ. ಮಂಜು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಈಜು ಕನ್ನಡಕ ಮಬ್ಬಾಗಿತ್ತು.

ಗೊತ್ತಿರುವುದು ಇಷ್ಟು. ಚಾಮರಾಜನಗರದ ಹೊರಗಿನ ಒಂದು ಕೆರೆಯಲ್ಲಿ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಈಜಬೇಕು. ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ತೊಂಬತ್ತು ಕಿಲೋಮೀಟರ್: ಮೊದಲು ಪುಣಜನೂರು ರಸ್ತೆಯಲ್ಲಿ ಹತ್ತು ಹೋಗಿ ಹತ್ತು ಬರುವುದು, ಆಮೇಲೆ ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಹೋಗಿ ಬರುವುದು. ಕೊನೆಗೆ ಸಂತೆಮರಹಳ್ಳಿ ರಸ್ತೆಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟ. ಒಂದೊಂದಕ್ಕೂ ಗಡುವು. ಹನ್ನೆರಡು ಗಂಟೆಗೆ ಸೈಕಲ್ ಇಳಿಯದವರನ್ನು ಓಡಲು ಬಿಡುವುದಿಲ್ಲ.

ಈ ಸ್ಪರ್ಧೆಯಲ್ಲಿ ನಾನು ಎರಡು ವರ್ಷ ಸೋತಿದ್ದೆ. ಮೊದಲನೆಯ ವರ್ಷ ನೀರಿನಲ್ಲೇ. ನಾನು ಈಜು ಕಲಿತದ್ದು ನಮ್ಮ ಹೊಲದ ಬಾವಿಯಲ್ಲಿ, ಸುತ್ತುಸುತ್ತಾಗಿ. ಕೆರೆಗೆ ಬಿಟ್ಟರೆ ಮೈ ತನ್ನಷ್ಟಕ್ಕೆ ಎಡಕ್ಕೆ ತಿರುಗುತ್ತಿತ್ತು. ಎರಡನೆಯ ವರ್ಷ ಓಟದಲ್ಲಿ ಮಂಡಿ ಕೈಕೊಟ್ಟಿತು. ಈ ಸಲ ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇದೊಂದು ಮುಗಿಸಿ. ಆಮೇಲೆ ಓಟ ಅನ್ನೋದನ್ನ ಮರೆತುಬಿಡಿ" ಎಂದಿದ್ದರು. ನನಗೆ ಐವತ್ತು. ಓದು, ಸರ್ವೆ ಕೆಲಸ, ಮದುವೆ, ಮನೆ, ಎಲ್ಲವನ್ನೂ ಯಾರೋ ತೋರಿಸಿದರು, ನಾನು ಆಗಲಿ ಅಂದೆ. ಯಾರೂ ಹೇಳದೆ ನಾನೇ ಆರಿಸಿಕೊಂಡದ್ದು ಇದೊಂದೇ. ಇದನ್ನು ಒಂದು ಸಲ, ಗಡುವಿನೊಳಗೆ, ಮುಗಿಸಬೇಕಿತ್ತು. ಅಷ್ಟೇ ಆಸೆ. ಅಷ್ಟೇ ಎಂದು ಈಗ ಬರೆಯುತ್ತಿದ್ದೇನೆ. ಆಗ ಅದು ಅಷ್ಟೇ ಆಗಿರಲಿಲ್ಲ.

ಸ್ಪರ್ಧೆಗೆ ಮೂರು ದಿನ ಮುಂಚೆ ಅಣ್ಣ ಫೋನ್ ಮಾಡಿದ್ದ. ಅವನು ತೆರಕಣಾಂಬಿಗೆ ಈಚೆಗಿರುವ ನಮ್ಮ ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ.

"ಭಾನ್ವಾರ ರೋಡು ಬಂದ್ ಅಂತಲ್ಲ, ದಿಟವಾ?"

"ದಿಟ ಕಣಣ್ಣ. ಮಧ್ಯಾಹ್ನದ ತನಕ ಒಂದು ಬಸ್ಸು ಬರಲ್ಲ, ಲಾರಿ ಬರಲ್ಲ. ಪೊಲೀಸ್ನೋರು ನಿಂತಿರ್ತಾರೆ."

"ನೀನು ಸೈಕಲ್ ತುಳಿಯೋಕೆ ಪೊಲೀಸ್ನೋರು ಕಾಯ್ತಾರಾ? ದೊಡ್ಡ ಮನ್ಸ ಆಗ್ಬುಟ್ಟೆ ಬುಡು."

ನಾನು ನಕ್ಕೆ. ಹೆಮ್ಮೆಯಾಗಿತ್ತು, ಅದು ನೆನಪಿದೆ. ಅಣ್ಣ ಆಮೇಲೆ, "ಉಳ್ಳಿ ಕಿತ್ತಾಕಿವ್ನಿ, ಇನ್ನೂ ಒಣಗಿಲ್ಲ" ಅಂದ. ನಾನು ಹೂಂ ಅಂದೆ. ಸುಗ್ಗಿಯಲ್ಲಿ ನಮ್ಮ ಕಡೆ ಕಿತ್ತ ಹುರುಳಿ ಬಳ್ಳಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಿಸಿಲಿಗೆ ಒಣಗುತ್ತದೆ, ಬಸ್ಸು ಲಾರಿಗಳ ಚಕ್ರ ತುಳಿದು ಕಾಳು ಬಿಡಿಸುತ್ತದೆ. ಡ್ರೈವರುಗಳು ಬೈಯುತ್ತಾರೆ, ಇವರು ಬೈಸಿಕೊಳ್ಳುತ್ತಾರೆ. ನಾನು ಹುಟ್ಟಿದಾಗಿನಿಂದ ನೋಡಿದ್ದು. ಅಣ್ಣನ ಆ ಮಾತಿಗೂ ನನ್ನ ಮಾತಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ.

ಭಾನುವಾರ ನೀರಿನಿಂದ ಗಡುವಿನೊಳಗೆ ಹೊರಬಂದೆ. ಪುಣಜನೂರು ರಸ್ತೆ ಮುಗಿಸಿ ಗುಂಡ್ಲುಪೇಟೆ ಕಡೆ ತಿರುಗಿದಾಗ ನನ್ನ ಹಿಂದೆ ಹೆಚ್ಚು ಜನ ಇರಲಿಲ್ಲ. ನಮ್ಮೂರ ಗೇಟಿನಲ್ಲಿ, ಅಂದರೆ ಊರಿಗೆ ತಿರುಗುವ ಬಸ್ ಸ್ಟಾಪಿನಲ್ಲಿ, ಹತ್ತಾರು ಜನ ನಿಂತಿದ್ದರು. ಅಣ್ಣ ಅತ್ತಿಗೆ ಇದ್ದರೋ ನೋಡಲಿಲ್ಲ. ತಲೆ ತಗ್ಗಿಸಿಕೊಂಡು ದಾಟಿದೆ. ಎದುರುಗಾಳಿಗೆ ತಗ್ಗಿಸಿದ್ದೆ ಎಂದು ಹಿಂದೊಮ್ಮೆ ಬರೆದಿದ್ದೆ. ಅಲ್ಲ. ಇಷ್ಟು ಹಿಂದೆ ಉಳಿದವನನ್ನು ಊರವರು ನೋಡದಿರಲಿ ಎಂದು.

ಗುಂಡ್ಲುಪೇಟೆಯಲ್ಲಿ ತಿರುಗುವ ಜಾಗದಲ್ಲಿ ಹಗ್ಗ ಕಟ್ಟಿ ಕೇರಳದ ಕಾರುಗಳನ್ನು ತಡೆದಿದ್ದರು. ಒಬ್ಬ ಡ್ರೈವರ್ ಕತ್ತು ಹೊರಗೆ ಹಾಕಿ, "ಸಾರೇ, ಇನ್ನು ಎಷ್ಟ್ ಆಳು ಉಂಟು?" ಎಂದು ಕೇಳಿದ. ಪೇದೆ ನನ್ನನ್ನು ತೋರಿಸಿ, "ಇವ್ರೇ ಲಾಸ್ಟ್ ಇರ್ಬೇಕು. ಬುಡ್ತೀನಿ ಇರಪ್ಪ" ಅಂದ. ನಾನು ಲಾಸ್ಟ್ ಆಗಿರಲಿಲ್ಲ. ಆದರೂ ಲೆಕ್ಕ ಹಾಕಿದೆ: ಇದೇ ವೇಗದಲ್ಲಿ ಹೋದರೆ ಹನ್ನೆರಡಕ್ಕೆ ಕಾಲು ಗಂಟೆ ಮುಂಚೆ ಚಾಮರಾಜನಗರ. ಸಾಕು.

ತೆರಕಣಾಂಬಿ ದಾಟಿದೆ. ನಮ್ಮೂರ ಗೇಟು ಬಂತು. ರಸ್ತೆಯ ಉದ್ದಕ್ಕೂ, ಇಡೀ ಅಗಲಕ್ಕೆ, ಹುರುಳಿ.

ನನ್ನ ಮುಂದಿದ್ದ ಇಬ್ಬರು ಇಳಿದು, ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ದಾಟಿದರಂತೆ. ಅವರಿಗೆ ಹುರುಳಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಶಾಲೆಯಿಂದ ಬರುವಾಗ ಅದರ ಮೇಲೆ ಬೇಕೆಂದೇ ಸೈಕಲ್ ಬಿಡುತ್ತಿದ್ದೆವು, ಚರಚರ ಸದ್ದಿಗೆ. ಏನೂ ಆಗುತ್ತಿರಲಿಲ್ಲ. ಹಾಗಾಗಿ ನಾನು ಇಳಿಯಲಿಲ್ಲ. ಆ ಕಾಲದ ಸೈಕಲ್ಲಿಗೆ ಗೇರು ಇರಲಿಲ್ಲ ಎನ್ನುವುದು ಇಪ್ಪತ್ತು ಅಡಿ ಹೋದ ಮೇಲೆ ತಿಳಿಯಿತು. ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡಿತು, ಚೈನು ಕಚ್ಚಿ ನಿಂತಿತು, ನಾನು ಪಕ್ಕಕ್ಕೆ ಉರುಳಿದೆ. ಪೆಟ್ಟಾಗಲಿಲ್ಲ. ಹುರುಳಿ ಮೆತ್ತಗಿತ್ತು.

ಕವೆಗೋಲು ಹಿಡಿದು ಬಳ್ಳಿ ತಿರುವುತ್ತಿದ್ದವನು ಓಡಿಬಂದ. ಅಣ್ಣ.

"ಯಾರಪ್ಪ? ಏಟಾಯ್ತಾ?" ಅಂದವನು, ನಾನು ಹೆಲ್ಮೆಟ್ ತೆಗೆದ ಮೇಲೆ ಅಲ್ಲೇ ನಿಂತ. "ನೀನಾ? ನೀನು ಆಗ್ಲೇ ಓದ್ಯಲ್ಲಾ."

"ಎಲ್ಲಿ ಹೋದೆ? ಈಗ ಬರ್ತಾ ಇದೀನಿ."

ಹಿಂದೆಯೇ ಬಂದ ಅತ್ತಿಗೆ, "ವಾಪಸ್ ಬರೋವಾಗ ಮೂರ್ನೆಯೋರಾಗಿ ಓದ್ರಲ್ಲಪ್ಪ. ಇದೇ ನೀಲಿ ಬಟ್ಟೆ, ಇದೇ ಕನ್ನಡಕ. ಚಪ್ಪಾಳೆ ತಟ್ಟುದೊ, ಕೈ ಬೇರೆ ಎತ್ತುದ್ರಿ" ಅಂದರು.

"ಅದು ನಾನಲ್ಲ ಅತ್ತಿಗೆ."

"ಅಂಗಾರೆ ಅದ್ಯಾವನ್ಗೆ ತಟ್ಟುದ್ವಿ ಕಾಣೆ" ಅಂದ ಅಣ್ಣ. ಆಮೇಲೆ ನಿಧಾನವಾಗಿ, "ನೀನು ಓದ್ಯಲ್ಲಾ, ಇನ್ ಯಾರಿದ್ರೆ ಏನು ಅಂತ, ಗುಂಪು ಕಳುದ್ಮೇಲೆ ರೋಡಿಗೆ ಆಕ್ಬುಟ್ಟೊ ಕಣ್ಲಾ. ಬಸ್ಸು ಬುಡೋ ಒತ್ಗೆ ಒಣಗಿರ್ತದೆ ಅಂತ."

ಅವರು ಕಾದಿದ್ದರು. ನಾನು ಮುಂದೆಯೇ ಇರುತ್ತೇನೆ ಎಂದು ಅವರಿಗೆ ಅನುಮಾನವೇ ಇರಲಿಲ್ಲ.

ಅಣ್ಣ ಸೊಂಟದಿಂದ ಕುಡುಗೋಲು ತೆಗೆದು ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕುಳಿತ. "ತಗಿ ಕೈಯ. ಎಲ್ಡು ನಿಮ್ಸುದ್ ಕೆಲ್ಸ."

"ಮುಟ್ಬೇಡಣ್ಣ."

"ಯಾಕ್ಲಾ?"

"ರೂಲ್ಸು. ಹೊರಗಿನೋರು ಕೈ ಹಾಕೋ ಹಂಗಿಲ್ಲ."

ಅವನು ಎದ್ದು ನಿಂತ. "ವರ್ಗಿನೋರು" ಅಂದ, ನನಗಲ್ಲ, ಅತ್ತಿಗೆಗೆ. ಅತ್ತಿಗೆ ತಂದ ಮಜ್ಜಿಗೆ ಚೊಂಬನ್ನು ನಾನು ಮುಟ್ಟದಿದ್ದಾಗ ಅದನ್ನು ಅವನೇ ಇಸಿದುಕೊಂಡು ಕುಡಿದ. ರಸ್ತೆಯಲ್ಲಿ ಸ್ಪರ್ಧೆಯವರು ಒಬ್ಬರೂ ಇರಲಿಲ್ಲ; ನನ್ನ ಹಿಂದಿದ್ದ ಒಬ್ಬಿಬ್ಬರು ಇನ್ನೂ ಎಲ್ಲೋ ದೂರದಲ್ಲಿದ್ದರು. ಆಚೆಗೂ ಈಚೆಗೂ ಕಣ್ಣು ಹೋಗುವಷ್ಟು ದೂರ ಖಾಲಿ. ಅಣ್ಣ ಕುಡುಗೋಲು ಆಡಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಬೆರಳಿನಲ್ಲಿ ಒಂದೊಂದೇ ನಾರು ಎಳೆದೆ. ಗ್ರೀಸಿಗೆ ಬೆರಳು ಜಾರುತ್ತಿತ್ತು. ಅವರಿಬ್ಬರೂ ನೋಡುತ್ತ ನಿಂತಿದ್ದರು.

ಇಲ್ಲಿ ನನ್ನ ನೆನಪನ್ನು ನಂಬುವಂತಿಲ್ಲ. ಮುಕ್ಕಾಲು ಗಂಟೆ ಎಂದು ಅದು ಹೇಳುತ್ತದೆ. ಕೈಗಡಿಯಾರ ಬರೆದುಕೊಂಡಿರುವುದು ಹತ್ತೊಂಬತ್ತು ನಿಮಿಷ. ನಾನು ಪ್ರಾಮಾಣಿಕನಾಗಿದ್ದೆ ಎಂದು ಕೆಲವು ದಿನ ನೆನಪಾಗುತ್ತದೆ. ಕೆಲವು ದಿನ, ಸಿಟ್ಟಿಗೆ ಹಾಗೆಂದೆ ಎಂದು. ಆ ಮೂರನೆಯವನಿಗೆ ಚಪ್ಪಾಳೆ ತಟ್ಟಿದ ಕೈ ನನ್ನ ಸೈಕಲ್ ಮುಟ್ಟುವುದು ಬೇಡವಾಗಿತ್ತು ಎಂದು. ಇನ್ನೂ ಕೆಟ್ಟ ದಿನಗಳಲ್ಲಿ, ಬಳ್ಳಿ ಸುತ್ತಿಕೊಂಡ ಆ ಗಳಿಗೆಯಲ್ಲಿ ನನಗೆ ಒಳಗೆಲ್ಲೋ ಹಗುರವಾಯಿತು, ಸೋಲಿಗೆ ಈಗ ಮಂಡಿಯಲ್ಲದ ಒಂದು ಕಾರಣ ಸಿಕ್ಕಿತು, ಅದನ್ನು ಕಳೆದುಕೊಳ್ಳಲು ಇಷ್ಟವಿಲ್ಲದೆ ನಿಧಾನ ಮಾಡಿದೆ ಎಂದು. ಯಾವುದು ನಿಜವೆಂದು ಅಳೆಯುವ ಪಟ್ಟಿ ನನ್ನ ಬಳಿ ಇಲ್ಲ. ಮೂರೂ ಕೂಡಿ ಬರುವುದು ಹತ್ತೊಂಬತ್ತು ನಿಮಿಷವೇ.

ಹೊರಡುವಾಗ ಅಣ್ಣ ಮುಂದೆ ಓಡುತ್ತ ಕವೆಗೋಲಿನಿಂದ ಬಳ್ಳಿ ಸರಿಸಿ ದಾರಿ ಬಿಡಿಸಿದ. ಅದೂ ಸಹಾಯವೇ. ಬೇಡ ಎನ್ನಲಿಲ್ಲ. ಅವನಿಗೂ ಮಂಡಿ ನೋವಿದೆ.

ಚಾಮರಾಜನಗರ ತಲುಪಿದಾಗ ಹನ್ನೆರಡು ದಾಟಿ ನಾಲ್ಕು ನಿಮಿಷ. ಒಬ್ಬ ಹುಡುಗಿ ಬಗ್ಗಿ ನನ್ನ ಕಾಲಿಗೆ ಕಟ್ಟಿದ್ದ, ಸಮಯ ಲೆಕ್ಕ ಹಾಕುವ ಚಿಪ್ ಬಿಚ್ಚಿದಳು. "ಕಟ್ ಆಫ್ ಆಗೋಯ್ತು ಸರ್. ಜಸ್ಟ್ ಮಿಸ್ಸು." ನಾನು ಓಡುತ್ತೇನೆ, ಲೆಕ್ಕಕ್ಕೆ ಬೇಡ, ಸುಮ್ಮನೆ ಓಡುತ್ತೇನೆ ಎಂದೆ. ಅವಳು ಮೇಲ್ವಿಚಾರಕರ ಮುಖ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವರು ಮಾಡಿದ್ದು ಸರಿ. ನಾನು ಬೂಟು ಹಾಕಿಕೊಂಡು, ಬೇಲಿಯ ಈಚೆ, ಸಂತೆಮರಹಳ್ಳಿ ಕಡೆಗೆ ಓಡುವವರನ್ನು ನೋಡುತ್ತ ಕುಳಿತೆ. ಮಂಡಿ ಒಂದಿಷ್ಟೂ ನೋಯುತ್ತಿರಲಿಲ್ಲ. ಅದನ್ನು ಇವತ್ತಿಗೂ ಸಹಿಸಲಾಗುವುದಿಲ್ಲ.

ಮರುದಿನ ಅಣ್ಣನ ಫೋನು. ಸುತ್ತಿ ಬಳಸಿ ಮಳೆ, ಕಾಳು, ಅತ್ತಿಗೆಯ ಕೆಮ್ಮು ಎಲ್ಲ ಆಯಿತು. ಆಮೇಲೆ ಕೇಳಿದ:

"ನಾನು ಕುಯ್ದಿದ್ರೆ ಆಯ್ತಿತ್ತಾ?"

"ಇಲ್ಲಣ್ಣ. ಹಂಗೂ ಆಯ್ತಿರ್ಲಿಲ್ಲ. ತುಂಬ ಲೇಟಾಗಿತ್ತು."

ಫೋನಿನಾಚೆ ಅತ್ತಿಗೆ ಮೊರದಲ್ಲಿ ಏನನ್ನೋ ಕೇರುತ್ತಿದ್ದ ಸದ್ದು. "ಬರೋ ವರ್ಸ ಆ ದಿನ ರೋಡಿಗೆ ಆಕಲ್ಲ ಬುಡು" ಅಂದ. "ಊರ್ನೋರ್ಗೆಲ್ಲ ಯೋಳ್ತೀನಿ. ಒಂದ್ ಕಡ್ಡಿ ಇರಲ್ಲ."

ಡಾಕ್ಟರ್ ಹೇಳಿದ್ದನ್ನು ನಾನು ಅವನಿಗೆ ಹೇಳಿರಲಿಲ್ಲ. "ಸರಿ ಕಣಣ್ಣ" ಅಂದೆ.