ಕಬ್ಬಿನ ಮಿಸ್ಸು

ಮಂಡ್ಯದಲ್ಲಿ ಶಿಕ್ಷಕರ ತರಬೇತಿ ಪಡೆಯುವಾಗ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ನನ್ನ ಪಾಠಯೋಜನೆ ನೋಡಿಕೊಂಡೇ ತನ್ನದನ್ನು ಬರೆಯುತ್ತಿದ್ದಳು. ಈಗ ಅವಳು ಮದ್ದೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಟೀಚರ್. ಕಬ್ಬಿನ ಜಲ್ಲೆಯನ್ನು ತುಂಡು ಮಾಡುತ್ತ ಭಿನ್ನರಾಶಿ ಕಲಿಸುವ ಅವಳ ವಿಡಿಯೊ ನಮ್ಮ ಕಡೆಯ ಶಿಕ್ಷಕರ, ಪೋಷಕರ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ಕಿರುಗಾವಲಿನ ಹತ್ತಿರದ ನಮ್ಮ ಶಾಲೆಯ ಹೆಡ್‌ಮಾಸ್ಟರು, "ನೀವೂ ಅವರ ಅಭ್ಯಾಸದ ಹಾಳೆ ಡೌನ್‌ಲೋಡ್ ಮಾಡ್ಕೊಳ್ಳಿ ಮೇಡಂ" ಎಂದಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

ಆದರೆ ಮೂರು ವಾರವಾದರೂ ನನ್ನ ಐದನೇ ತರಗತಿಯ ಮಕ್ಕಳ ತಲೆಗೆ ಭಿನ್ನರಾಶಿ ಹತ್ತಿಯೇ ಇರಲಿಲ್ಲ. ಕೊನೆಗೆ ಅವಳ ಹಾಳೆಯನ್ನೇ ಇಳಿಸಿಕೊಂಡೆ. ಜೆರಾಕ್ಸ್ ಮಾಡಿಸುವಾಗ ಕೆಳಗಿದ್ದ ಅವಳ ಹೆಸರಿನ ಮೇಲೆ ಒಂದು ಚೂರು ಬಿಳಿ ಕಾಗದ ಅಂಟಿಸಿದೆ.

ಕಬ್ಬಿನ ತುಂಡುಗಳ ಚಿತ್ರವಿದ್ದ ಆ ಹಾಳೆ ಹಂಚಿದ ಕೂಡಲೇ ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಮಿಸ್, ಇದು ಕಬ್ಬಿನ ಮಿಸ್ಸುದು! ನಮ್ಮವ್ವನ ಫೋನಲ್ಲಿ ನೋಡಿವ್ನಿ."

"ಹೌದು, ಅವರದೇ" ಎಂದೆ. ಮುಖ ಬಿಸಿಯಾಯಿತು. ಮಕ್ಕಳು ಮಾತ್ರ ಆಗಲೇ ಲೆಕ್ಕಕ್ಕೆ ಕೂತಿದ್ದರು. ಬೆಲ್ ಹೊಡೆಯುವಷ್ಟರಲ್ಲಿ ಹೆಚ್ಚಿನವರದು ಸರಿಯಾಗಿತ್ತು. ಸಂತೋಷಪಡಬೇಕಾದ ನನಗೆ ಇನ್ನಷ್ಟು ಹೊಟ್ಟೆ ಉರಿಯಿತು.

ಸಂಜೆ ಅವಳಿಗೆ ಫೋನು ಮಾಡಿ, ಹೆಸರು ಮುಚ್ಚಿದ್ದನ್ನೂ ಹೇಳಿಬಿಟ್ಟೆ. ಅವಳು ಜೋರಾಗಿ ನಕ್ಕಳು. "ಓಗ್ಲಿ ಬುಡೇ, ಐಕ್ಳು ಕಲ್ತವಲ್ಲ, ಅಷ್ಟು ಸಾಕು. ಪಾಠ ಮಾಡೋದ್ರಲ್ಲಿ ನೀನೇ ಮುಂದಿದ್ದೋಳು ಕಣೇ. ನಿಂದೂ ಒಂದು ವಿಡಿಯೊ ಕಳ್ಸು, ನನ್ ಚಾನೆಲ್ಲಲ್ಲಿ ಹಾಕ್ತೀನಿ."

ಆಯಿತು ಎಂದೆ. 'ನನ್ ಚಾನೆಲ್ಲು' ಎಂದದ್ದು ಮಾತ್ರ ಚುಚ್ಚಿತು. ಇವತ್ತಿಗೂ ಕಳಿಸಿಲ್ಲ.