ಒಳಗಿನ ಚಿಲಕ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಶಾಲೆಯಲ್ಲಿ ನನ್ನ ಮರಾಠಿಯನ್ನು ಅಣಕಿಸಿದ ಹುಡುಗನ ಮುಂದಿನ ಹಲ್ಲು ಮುರಿದಿದ್ದೆ. ಬಸ್ಸಿನಲ್ಲಿ ಸೊಂಟಕ್ಕೆ ಕೈ ಹಾಕಿದವನ ಬೆರಳು ಹಿಡಿದು ಹಿಂದಕ್ಕೆ ಮಡಚಿ, ಅವನು ಎಷ್ಟು ಕೂಗಿಕೊಂಡರೂ ಮುಂದಿನ ಸ್ಟಾಪಿನವರೆಗೆ ಬಿಟ್ಟಿರಲಿಲ್ಲ. ಹೊಟ್ಟೆಪಾಡಿಗೆ ಜಿಮ್ಮಿನಲ್ಲಿ ಹೆಂಗಸರಿಗೆ ಭಾರ ಎತ್ತುವುದನ್ನು ಕಲಿಸುತ್ತೇನೆ, ಹಾಗಾಗಿ ಸಿಟ್ಟಿಗೆ ತಕ್ಕ ತೋಳೂ ಇದೆ. ಇಂಥ ನನಗೆ ಪುಣೆಯಲ್ಲಿ ನಡೆದ ವಿವಾಹಿತ ಮಹಿಳೆಯರ ಸೌಂದರ್ಯ ಸ್ಪರ್ಧೆಯಲ್ಲಿ ಕಿರೀಟ ಬಂತು. ವೇದಿಕೆಯ ಮೇಲೆ ಕೊನೆಯ ಪ್ರಶ್ನೆ, ನಿಮ್ಮ ದೊಡ್ಡ ದೌರ್ಬಲ್ಯ ಯಾವುದು ಅಂತ. ಬೇರೆಯವರ ನೋವು ಕಂಡರೆ ಅಳು ತಡೆಯಲಾಗುವುದಿಲ್ಲ ಎಂದೆ. ತೀರ್ಪುಗಾರರು ಕರಗಿ ನೀರಾದರು. ಹಸಿ ಸುಳ್ಳು. ನೋವು ಕಂಡರೆ ನನಗೆ ಬರುವುದು ಅಳುವಲ್ಲ, ಆ ನೋವು ಕೊಟ್ಟವನನ್ನು ಹಿಡಿದು ಬಡಿಯುವ ಆಸೆ.

ಕಿರೀಟದ ಜೊತೆ ಒಂದು ಕರಾರೂ ಬರುತ್ತದೆ. ಗೆದ್ದವಳು ವರ್ಷವಿಡೀ ಏನಾದರೊಂದು ಸೇವೆ ಮಾಡಬೇಕು, ಅದಕ್ಕೆ ದೇಣಿಗೆ ಎತ್ತಬೇಕು, ಸೇವೆಗೆ ಹೋದಲ್ಲೆಲ್ಲ ತಲೆಗೆ ಕಿರೀಟ, ಹೆಗಲಿಗೆ ಬಿರುದಿನ ಪಟ್ಟಿ ಹಾಕಿಕೊಂಡೇ ಹೋಗಬೇಕು. ನನ್ನ ಹಿಂದಿನವಳು ಗಿಡ ನೆಟ್ಟಿದ್ದಳು. ಸಂಘಟಕಿ ಮೇಡಂ ಬೆಂಗಳೂರಿನವರು. "ನೀವೂ ಏನಾದ್ರೂ ಸಾಫ್ಟ್ ಆಗಿರೋದು ತಗೊಳ್ಳಿ, ಗಿಡ, ಮಕ್ಕಳು, ಆ ಥರ" ಎಂದರು. ನಾನು ಯೆರವಡಾದ ಆಚೆ ಏಳುತ್ತಿದ್ದ ಒಂದು ಟವರಿನ ಹಿಂದಿನ ಕೂಲಿಕಾರರ ಕ್ಯಾಂಪು ಆರಿಸಿಕೊಂಡೆ. ಅಲ್ಲಿಯ ಹೆಂಗಸರು ಯಾದಗಿರಿ, ಕಲಬುರಗಿ ಕಡೆಯವರು. ನನ್ನ ಅವ್ವ ಆಡುತ್ತಿದ್ದ ಮಾತನ್ನೇ ಆಡುವವರು.

ಮೊದಲ ಸಲ ಸೀರೆ ಒಯ್ದಿದ್ದೆ. ಎಲ್ಲರೂ ತೆಗೆದುಕೊಂಡರು, ಒಬ್ಬಳು ಮಾತ್ರ ಸೀರೆಯನ್ನು ವಾಪಸ್ಸು ನನ್ನ ಕೈಗಿಟ್ಟಳು. ಸಣಕಲು ಹೆಣ್ಣು, ಕೆಳತುಟಿ ಒಡೆದು ಕಪ್ಪಗಾಗಿತ್ತು.

"ಸೀರಿ ಬ್ಯಾಡ್ರಿ ಅಕ್ಕಾರ. ಬಾಗಲಕ್ಕ ಒಳಗಿಂದ ಒಂದು ಚಿಲಕ ಹಾಕಿಸಿಕೊಡ್ರಿ."

ಆಮೇಲೆ ನೋಡಿದರೆ ಹೌದು, ತಗಡಿನ ಆ ಶೆಡ್ಡುಗಳಿಗೆ ಇದ್ದದ್ದು ಹೊರಗಿನ ಚಿಲಕ ಮಾತ್ರ, ಕೆಲಸಕ್ಕೆ ಹೋಗುವಾಗ ಬೀಗ ಹಾಕಲಿಕ್ಕೆ. ಮಲಗುವಾಗ ಒಳಗಿಂದ ತಂತಿ ಸುತ್ತುತ್ತಿದ್ದರು. ಆ ತಂತಿಯನ್ನು ಸಂದಿನಿಂದ ಬೆರಳು ತೂರಿಸಿ ಬಿಚ್ಚುವ ಗಂಡಸರು ಕ್ಯಾಂಪಿನಲ್ಲಿದ್ದರು. ಗಂಡ ರಾತ್ರಿಪಾಳಿಗೆ ಹೋದ ಹೆಂಗಸರು ಕುಡುಗೋಲು ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದರು. ಅದನ್ನು ಕೇಳುವಾಗಲೇ ನನ್ನ ಮುಷ್ಟಿ ಬಿಗಿಯಾಗಿತ್ತು.

"ತುಟಿಗೇನಾತು ತಂಗಿ?" ಎಂದೆ.

"ನಮ್ಮನಿಯವರ ಕೈ ಹತ್ತ್ಯದ ಬಿಡ್ರಿ" ಎಂದಳು. ಸುತ್ತ ನಿಂತವರು ನಕ್ಕರು. ನಾನು ನಗಲಿಲ್ಲ.

ದೇಣಿಗೆ ಎತ್ತಿದ್ದು ಒಂದು ಐಟಿ ಕಂಪನಿಯ ಕ್ಯಾಂಟೀನಿನಲ್ಲಿ. ಹಣ ಕೊಟ್ಟವರು ನನ್ನ ಕಿರೀಟ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಬಹುದಿತ್ತು. ಗಡ್ಡದ ಹುಡುಗರೂ ಹಾಕಿಕೊಂಡರು. ಬೆಂಗಳೂರಿನವನೊಬ್ಬ, "ಚಿಲಕಕ್ಕೆಲ್ಲಾ ಚಾರಿಟಿನಾ? ಸಖತ್ ಫನ್ನಿ" ಎಂದ. ನಾನು ಅವನನ್ನು ಸುಮ್ಮನೆ ದಿಟ್ಟಿಸಿದೆ. ಮತ್ತೊಮ್ಮೆ ಜೇಬಿಗೆ ಕೈ ಹಾಕಿದ.

ಚಿಲಕ ಆರಿಸಿದವಳು ನಾನೇ. ಅಂಗಡಿಯವನು ತೋರಿಸಿದ ಅಗ್ಗದ ಚಿಲಕಗಳನ್ನು ಪಕ್ಕಕ್ಕೆ ತಳ್ಳಿ, ದಪ್ಪ ಉಕ್ಕಿನದನ್ನು ತೆಗೆದುಕೊಂಡೆ. ಹಲಗೆಯ ಆ ಬಾಗಿಲುಗಳಿಗೆ ಹಿಂದೆ ಅಡ್ಡಪಟ್ಟಿ ಕೊಟ್ಟು ಕೂರಿಸಿದೆವು. ಮೊದಲನೆಯದು ಹಾಕಿದ ಮೇಲೆ ಒಬ್ಬಳನ್ನು ಒಳಗೆ ಬಿಟ್ಟು, ಹೊರಗಿನಿಂದ ಭುಜ ಕೊಟ್ಟು ಗುದ್ದಿ ನೋಡಿದೆ. ಜಗ್ಗಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. ಕೂಲಿಯವರನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವ ಮುಕಾದಮ ನನಗೊಂದು ಹಾರ ಹಾಕಿ, ತಾನೂ ಫೋಟೊದಲ್ಲಿ ಬರುವಂತೆ ನಿಂತುಕೊಂಡ. ಅವತ್ತು ಮನೆಗೆ ಬಂದು ಕನ್ನಡಿಯ ಮುಂದೆ ಕಿರೀಟ ತೆಗೆಯುವಾಗ, ಗೆದ್ದ ರಾತ್ರಿಗಿಂತ ಹೆಚ್ಚು ಹೆಮ್ಮೆಯಾಗಿತ್ತು.

ಭಾನುವಾರ ಕ್ಯಾಂಪಿನಲ್ಲಿ ವಾರದ ಖರ್ಚಿಗೆ ದುಡ್ಡು ಹಂಚುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಗಂಡಸರು ಕುಡಿದಿರುತ್ತಾರೆ. ಅಂಥದೊಂದು ಭಾನುವಾರ ಮೇಡಂಗೆ ವಿಡಿಯೊ ಬೇಕಾಗಿತ್ತು. ಚಿಲಕ ಬಂದ ಮೇಲೆ ಬದುಕು ಹೇಗೆ ಬದಲಾಯಿತು ಎಂದು ಹೆಂಗಸರು ಕ್ಯಾಮರಾ ಮುಂದೆ ಹೇಳಬೇಕಿತ್ತು. ಕ್ಯಾಮರಾದವನಿಗಿಂತ ಮೊದಲೇ ನಾನು ಹೋಗಿದ್ದೆ, ಕಿರೀಟ, ಪಟ್ಟಿ, ತುಟಿಗೆ ಬಣ್ಣ, ಎಲ್ಲ ಸಮೇತ. ಗೇಟು ದಾಟುವಾಗಲೇ ಸದ್ದು ಕೇಳಿತು. ತಗಡಿಗೆ ಏನೋ ಬಂದು ಬಡಿಯುತ್ತಿತ್ತು. ನಿಲ್ಲುವುದು, ಮತ್ತೆ ಬಡಿಯುವುದು.

ಸೀರೆ ಬೇಡವೆಂದಿದ್ದವಳ ಶೆಡ್ಡಿನ ಮುಂದೆ ಹೆಂಗಸರು ಗುಂಪುಗೂಡಿ ಬಾಗಿಲು ಬಡಿಯುತ್ತಿದ್ದರು. ಅವಳ ಗಂಡ ಒಳಗಿದ್ದ. ಮೊದಲೆಲ್ಲ ಅವನು ಕೈ ಎತ್ತಿದರೆ ಅಕ್ಕಪಕ್ಕದವರು ಬಾಗಿಲು ನೂಕಿ ನುಗ್ಗಿ, ನಾಲ್ಕು ಬೈದು ಬಿಡಿಸುತ್ತಿದ್ದರಂತೆ. ಅದಕ್ಕೇ ತುಟಿ ಒಡೆಯುವುದರಲ್ಲೇ ಮುಗಿಯುತ್ತಿತ್ತು.

"ಈಗ ಹೆಂಗ ಬಿಡಸೋದ್ರಿ ಅಕ್ಕಾರ?" ಎಂದು ಒಬ್ಬ ಮುದುಕಿ ನನ್ನ ಮುಖಕ್ಕೇ ಕೂಗಿದಳು. "ನಿಮ್ಮ ಚಿಲಕ ಹಾಕ್ಯಾನ್ರಿ ಅಂವ!"

ಭುಜ ಕೊಟ್ಟು ಗುದ್ದಿದೆ. ಓಡಿ ಬಂದು ಗುದ್ದಿದೆ. ಚಿಲಕ ಜಗ್ಗಲಿಲ್ಲ, ಅಷ್ಟು ಚೆನ್ನಾಗಿ ಆರಿಸಿದ್ದೆ. ನನ್ನ ಕಣ್ಣ ಮುಂದೆಯೇ ಪಕ್ಕದ ತಗಡು ಒಳಗಿನಿಂದ ಹೊರಕ್ಕೆ ಉಬ್ಬಿತು, ತಲೆಯಷ್ಟು ಅಗಲಕ್ಕೆ. ಅವಳ ದನಿ ಅಲ್ಲಿಯವರೆಗೆ ಕೇಳುತ್ತಿತ್ತು, ಆ ಹೊಡೆತದ ನಂತರ ನಿಂತುಹೋಯಿತು. ಹೊರಗೆ ಬಾಗಿಲು ಬಡಿಯುತ್ತಿದ್ದವರ ಕೈಗಳೂ ನಿಂತವು.

ಯಾರೋ ಹಾರೆ ತಂದರು. ತಗಡು ಕಂಬಕ್ಕೆ ಕೂಡುವಲ್ಲಿ ಅದನ್ನು ತೂರಿಸಿ ಮೀಟಿದೆ. ಮೊಳೆಗಳು ಕಿತ್ತು ಹಾರಿದವು. ಹರಿದ ತಗಡಿನ ಅಂಚು ನನ್ನ ತೋಳನ್ನು ಮೊಣಕೈವರೆಗೆ ಸೀಳಿತು, ಆಗ ಗೊತ್ತೇ ಆಗಲಿಲ್ಲ. ಒಳಗೆ ಅವನು ಅವಳ ಕೂದಲನ್ನು ಎಡಗೈಗೆ ಸುತ್ತಿಕೊಂಡು ನಿಂತಿದ್ದ. ಬಲಗೈಯಲ್ಲಿ ಸೆಂಟ್ರಿಂಗ್ ಹಲಗೆಯ ತುಂಡು. ಅವಳು ಮೊಣಕಾಲೂರಿ ಕುಸಿದಿದ್ದಳು, ಒಂದು ತೋಳು ತೋಳಿನ ಹಾಗೆ ಇರಲಿಲ್ಲ, ಬಾಗಬಾರದ ಕಡೆ ಬಾಗಿತ್ತು. ಅವನು ನನ್ನನ್ನು ನೋಡಿದ, ಕಿರೀಟವನ್ನು ನೋಡಿದ, ಬಾಯಿ ತೆರೆದ.

ಹಲಗೆ ಕಸಿದುಕೊಂಡು ಭುಜಕ್ಕೆ ಹೊಡೆದೆ. ಅವನು ಕೂದಲು ಬಿಟ್ಟ. ಕೆಲಸ ಅಲ್ಲಿಗೆ ಮುಗಿದಿತ್ತು, ಅದು ನನಗೆ ಆಗಲೂ ಗೊತ್ತಿತ್ತು. ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ಬಿದ್ದವನ ಬೆನ್ನಿಗೆ ಹೊಡೆದೆ, ತಲೆಗೆ ಹೊಡೆದೆ, ತಲೆ ಮುಚ್ಚಿಕೊಂಡ ಕೈಗಳಿಗೆ ಹೊಡೆದೆ. ರಕ್ತ ಗೋಡೆಗೆ ಸಿಡಿಯಿತು. ಅವನು "ಬ್ಯಾಡ್ರಿ, ಬ್ಯಾಡ್ರಿ" ಎನ್ನುತ್ತಿದ್ದ. ಆ ಮಾತು ಕೇಳಿದಷ್ಟೂ ಖುಷಿಯಾಗುತ್ತಿತ್ತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ಬದುಕಿನಲ್ಲಿ ಅಷ್ಟು ಖುಷಿ ನನಗೆ ಕೆಲವೇ ಸಲ ಆಗಿದೆ.

ಯಾರೋ ನನ್ನ ಕಾಲು ಹಿಡಿದರು. ಅವಳು. ಒಂದೇ ಕೈಯಲ್ಲಿ ತೆವಳಿ ಬಂದು ನನ್ನ ಕಾಲಿಗೆ ಜೋತುಬಿದ್ದು, "ಸಾಕ್ರಿ ಅಕ್ಕಾರ, ಸಾಕ್ರಿ" ಎನ್ನುತ್ತಿದ್ದಳು. ನಾನು ಕಾಲು ಝಾಡಿಸಿದೆ. ಅವಳು ಮುರಿದ ತೋಳಿನ ಮೇಲೆಯೇ ಹೊರಳಿಬಿದ್ದು ಕಿರುಚಿದಳು. ಅಷ್ಟರಲ್ಲಿ ಉಳಿದವರು ಬಂದು ನನ್ನನ್ನು ಹಿಂದಿನಿಂದ ತಬ್ಬಿ ಹಿಡಿದರು.

ಮುಂದಿನ ವ್ಯವಸ್ಥೆ ಎಲ್ಲ ಸಾಂಗವಾಗಿ ನಡೆಯಿತು. ಕ್ಯಾಂಪಿಗೆ ಪೊಲೀಸರು ಬರುವುದು ಮುಕಾದಮನಿಗೆ ಬೇಡವಾಗಿತ್ತು. ಗಂಡಹೆಂಡತಿ ಇಬ್ಬರೂ ಸಾರವೆಯಿಂದ ಬಿದ್ದರೆಂದು ಅವನೇ ಕತೆ ಕಟ್ಟಿದ. ಗಂಡನೂ ಒಪ್ಪಿಕೊಂಡ, ಕಿರೀಟ ಹಾಕಿದ ಹೆಂಗಸಿನ ಕೈಯಲ್ಲಿ ಒದೆ ತಿಂದೆ ಎಂದು ಯಾವ ಗಂಡಸು ಹೇಳಿಕೊಂಡಾನು? ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದ. ಅವಳ ತೋಳಿಗೆ ಪ್ಲಾಸ್ಟರ್ ಬಿತ್ತು. ನಾನೇ ಠಾಣೆಗೆ ಹೋಗುತ್ತೇನೆ ಎಂದು ಹೊರಟಿದ್ದೆ. "ಅವಳ ಗಂಡನ ಮೇಲೆ ಕೇಸ್ ಹಾಕಿದ್ರೆ ನಿಮ್ಮ ಮೇಲೂ ಬರುತ್ತೆ. ಸ್ವಲ್ಪ ಯೋಚನೆ ಮಾಡಿ ಪ್ಲೀಸ್, ಟೈಟಲ್ ಹೋಗುತ್ತೆ" ಎಂದರು ಮೇಡಂ ಫೋನಿನಲ್ಲಿ. ಟೈಟಲ್ ಮನೆ ಹಾಳಾಗಲಿ ಎಂದೆ. ಆದರೆ ಅವಳೇ ಆಸ್ಪತ್ರೆಯ ಹಾಸಿಗೆಯಿಂದ ಬೇಡವೆಂದು ತಲೆಯಲ್ಲಾಡಿಸಿದಳು. ಅವಳು ಹೇಳದೆ ನನ್ನ ದೂರಿಗೆ ಬೆಲೆ ಇರಲಿಲ್ಲ. ಹಲ್ಲು ಕಡಿದುಕೊಂಡು ಸುಮ್ಮನಾದೆ.

ಸುಮ್ಮನಾದೆ ಎಂದರೆ ಪೂರ್ತಿಯಲ್ಲ. ಪುಣೆಯ ಹತ್ತಿರದ ಸಾಸವಡದಲ್ಲಿ ಇಂಥ ಹೆಂಗಸರಿಗೊಂದು ಆಶ್ರಯಮನೆ ಇದೆ. ಅಲ್ಲಿ ಮಾತಾಡಿ ಅವಳಿಗೆ ಜಾಗ ಗೊತ್ತುಮಾಡಿದೆ. ಕೆಲವು ದಿನ ಬಿಟ್ಟು, ಕಿರೀಟ ಪಟ್ಟಿ ಎಲ್ಲ ಮನೆಯಲ್ಲಿಟ್ಟು, ಗಾಡಿ ಮಾಡಿಕೊಂಡು ಕ್ಯಾಂಪಿಗೆ ಹೋದೆ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಅವನು ಕೂತಿದ್ದ, ತಲೆಗೆ ಬ್ಯಾಂಡೇಜು. ನನ್ನನ್ನು ಕಂಡು ಮುಖ ತಗ್ಗಿಸಿದ. ಆ ತಗ್ಗಿದ ಮುಖ ನೋಡಲು ಹಿತವಾಗಿತ್ತು.

ಶೆಡ್ಡಿನ ತಗಡನ್ನು ಮತ್ತೆ ಮೊಳೆ ಹೊಡೆದು ಕೂರಿಸಿದ್ದರು. ಅವಳು ಒಂದೇ ಕೈಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಗಂಟು ಕಟ್ಟು ತಂಗಿ. ಗಾಡಿ ನಿಂತದ" ಎಂದೆ.

"ನಾ ಎಲ್ಲಿಗೂ ಬರಂಗಿಲ್ರಿ ಅಕ್ಕಾರ. ನನ್ನ ಕೆಲಸ ಇಲ್ಲೇ ಅದ, ನಮ್ಮ ಮಂದಿ ಇಲ್ಲೇ ಅದಾರ. ಅವನ್ನ ಹೊರಗ ಹಾಕೀನಿ. ಆ ಕಟ್ಟೋ ಟವರಿನ ಮ್ಯಾಲಿನ ಮಾಳಗ್ಯಾಗ ಮಕ್ಕೋತಾನ. ನಾ ಚಿಲಕ ಹಾಕ್ಕೊಂಡು ಮಕ್ಕೋತೀನಿ. ಭಾಳ ದಿನಕ್ಕ ನಿದ್ದಿ ಹತ್ತಲಿಕತ್ತದ."

"ಇವತ್ತ ಹೊರಗ ಅದಾನ. ನಾಳಿ ಕುಡದು ಬಂದು ತಗಡು ಕಿತ್ತರ?"

ಅವಳು ಅಕ್ಕಿಯಿಂದ ತಲೆಯೆತ್ತಲಿಲ್ಲ. "ತಗಡು ಕಿತ್ತವರು ನೀವ್ರಿ, ಅಂವ ಅಲ್ಲ."

ನನ್ನ ಪಿತ್ತ ನೆತ್ತಿಗೇರಿತು. ಯಾರಿಗಾಗಿ ಕಿತ್ತೆ? ತೋಳಿನ ಹೊಲಿಗೆ ಇನ್ನೂ ಬಿಚ್ಚಿಸಿರಲಿಲ್ಲ ನಾನು. "ನಾ ಕಿತ್ತದ್ದಕ್ಕ ನೀ ಜೀವಂತ ಅದೀ!" ಎಂದು ಕೂಗಿದೆ. ಕೂಗುವಾಗ ಕೈ ಮೇಲಕ್ಕೆ ಹೋಯಿತು. ಹೊಡೆಯಲಿಕ್ಕಲ್ಲ, ದೇವರಾಣೆಗೂ ಅಲ್ಲ, ಮಾತಾಡುವಾಗ ನನ್ನ ಕೈ ಹಾಗೆ ಹೋಗುತ್ತದೆ.

ಅಕ್ಕಿಯ ಮೊರ ಚೆಲ್ಲಿ ಅವಳು ಗೋಡೆಗೆ ಒತ್ತಿಕೊಂಡಳು. ಪ್ಲಾಸ್ಟರ್ ಹಾಕಿದ ತೋಳು ಮುಖಕ್ಕೆ ಅಡ್ಡ ಬಂದಿತ್ತು. ಅದರ ಹಿಂದೆ ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು.

ಕೈ ಇಳಿಸಿದೆ. ಬಗ್ಗಿ ಅಕ್ಕಿ ಬಳಿಯಲು ಹೋದರೆ ಅವಳು ಇನ್ನಷ್ಟು ಮೂಲೆಗೆ ಸರಿದಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, ಉಸಿರು ಸಮಮಾಡಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದಳು.

"ಹೊರಗ ನಡೀರಿ ಅಕ್ಕಾರ."

ಹೊರಗೆ ಬಂದೆ. ಹಿಂದೆ ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಟ್ಯಾಂಕಿನ ಕಟ್ಟೆಯ ಮೇಲಿದ್ದವನು ತಲೆಯೆತ್ತಿ ಆ ಬಾಗಿಲನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕೂತಲ್ಲಿಂದ ಒಂದಿಷ್ಟು ಪಕ್ಕಕ್ಕೆ ಸರಿದು, ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಟ್ಟ.